ಗಾಗಲ್ಸಲ್ಲಿ ನೀರು ತುಂಬಿದ್ರೂ ಗೋಲ್ಡು!

ಪ್ರಶ್ನೆ: ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಒಂದ್ಸಲ ಕಣ್ಣು ಕಾಣ್ದೇನೇ ಈಜಿ ಗೆದ್ರಂತೆ, ನಿಜಾನಾ ಸಾರ್? ರಿಟೈರ್ ಆದ್ಮೇಲೆ ಏನ್ ಮಾಡ್ತಿದಾರೆ?

ಉತ್ತರ: ಹೆಚ್ಚುಕಮ್ಮಿ ನಿಜಾನೇ. 2008ರ ಬೀಜಿಂಗ್ ಒಲಿಂಪಿಕ್ಸ್, 200 ಮೀಟರ್ ಬಟರ್‌ಫ್ಲೈ (ಎರಡೂ ಕೈ ಒಟ್ಟಿಗೆ ಬೀಸಿ ಈಜೋ ಶೈಲಿ) ಫೈನಲ್. ನೀರಿಗೆ ಹಾರ್ತಿದ್ದಂಗೇ ಗಾಗಲ್ಸ್ ಒಳಗೆ ನೀರು ಇಳಿಯೋಕೆ ಶುರು, ಕೊನೇ ಲ್ಯಾಪ್ ಹೊತ್ತಿಗೆ ಎದುರಿನ ಗೋಡೇನೂ ಕಾಣ್ತಿಲ್ಲ, ಆದ್ರೆ ಒಂದು ಲ್ಯಾಪ್‌ಗೆ ಎಷ್ಟು ಸಲ ಕೈ ಬೀಸ್ಬೇಕು ಅನ್ನೋ ಲೆಕ್ಕ ಪ್ರಾಕ್ಟೀಸಲ್ಲೇ ಮೈಗೆ ಹತ್ತಿತ್ತಲ್ಲ, ಅದನ್ನೇ ಎಣಿಸ್ಕೊಂಡು ಹೋಗಿ ಗೋಡೆ ಮುಟ್ಟಿದ್ರು. 1 ನಿಮಿಷ 52.03 ಸೆಕೆಂಡ್, ವರ್ಲ್ಡ್ ರೆಕಾರ್ಡ್! ಆದ್ರೂ ಸಿಟ್ಟಲ್ಲಿ ಕ್ಯಾಪು ಗಾಗಲ್ಸ್ ಕಿತ್ತಾಕಿದ್ರು, ಮುಖ ನೋಡಿದ್ರೆ ಸೋತವರ ಥರ. ಆ ಸಲ ಒಟ್ಟು 8 ಗೋಲ್ಡ್.

2012ರಲ್ಲಿ ಒಮ್ಮೆ ರಿಟೈರ್ ಆಗಿ, ಸುಮ್ನಿರೋಕಾಗ್ದೆ 2014ಕ್ಕೆ ವಾಪಸ್ ಬಂದ್ರು, 2016ರ ರಿಯೋ ಒಲಿಂಪಿಕ್ಸ್ ಮುಗಿಸ್ಕೊಂಡು ಪೂರ್ತಿ ನಿಲ್ಲಿಸಿದ್ರು. ಲೆಕ್ಕ ಹಾಕಿದ್ರೆ 28 ಒಲಿಂಪಿಕ್ ಮೆಡಲ್, ಅದ್ರಲ್ಲಿ 23 ಚಿನ್ನ. ನನಗೆ ಮೆಡಲ್‌ಗಿಂತ ದೊಡ್ಡದು ಅನ್ಸೋದು ಆಮೇಲಿನ ಕೆಲ್ಸ. 2012ರ ಒಲಿಂಪಿಕ್ಸ್ ಆದ್ಮೇಲೆ ಡಿಪ್ರೆಶನ್ ಎಷ್ಟಿತ್ತಂದ್ರೆ ಬದುಕೋದೇ ಬೇಡ ಅನ್ಸಿತ್ತು ಅಂತ ಅವ್ರೇ ಓಪನ್ನಾಗಿ ಹೇಳ್ಕೊಂಡಿದಾರೆ, ಈಗ ಹೋದಲ್ಲೆಲ್ಲ ಮಾನಸಿಕ ಆರೋಗ್ಯದ ಬಗ್ಗೇನೇ ಮಾತಾಡ್ತಾರೆ.