ಕಡಿಮೆ ಬಜೆಟ್‌ನಲ್ಲಿ ಟರ್ನ್‌ಟೇಬಲ್‌ಗೆ ಯಾವ ಕಾರ್ಟ್ರಿಡ್ಜ್ ಹಾಕ್ಲಿ?

ಪ್ರಶ್ನೆ: ಟರ್ನ್‌ಟೇಬಲ್ ಜೊತೆಗೇ ಬಂದಿದ್ದ ಕಾರ್ಟ್ರಿಡ್ಜನ್ನೇ (ಪ್ಲೇಟ್ ಓದೋ ಮುಳ್ಳಿರೋ ಪುಟ್ಟ ಭಾಗ) ಇಷ್ಟು ವರ್ಷ ಓಡಿಸ್ಕೊಂಡು ಬಂದಿದೀನಿ. ಈಗೀಗ ಪ್ಲೇಟಿನ ಕೊನೇ ಹಾಡು ಬಂತು ಅಂದ್ರೆ ಸ, ಶ ಬರೋ ಕಡೆಯೆಲ್ಲ ಕರಕರ ಅನ್ನತ್ತೆ, ಮೊದಲ್ನೇ ಹಾಡು ಮಾತ್ರ ಚೆನ್ನಾಗೇ ಇರತ್ತೆ. ಆರ್ಮ್ ತುದಿಯ ಹೆಡ್‌ಶೆಲ್‌ಗೆ ಎರಡು ಸ್ಕ್ರೂ ಹಾಕಿ ಕೂರಿಸೋ ಟೈಪು. ಆಂಪ್ಲಿಫೈಯರ್‌ನಲ್ಲಿ ಟರ್ನ್‌ಟೇಬಲ್ ಸಿಕ್ಕಿಸೋಕೆ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಫೋನೋ ಇನ್‌ಪುಟ್ ಒಂದೇ ಇರೋದು. ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಡ್ಜ್ ತಗೋ, ಸೌಂಡೇ ಬೇರೆ ಅಂತ ಒಬ್ರು ಹೇಳ್ತಿದಾರೆ. ಜಾಸ್ತಿ ಖರ್ಚು ಮಾಡೋ ಸ್ಥಿತಿಯಲ್ಲಿ ಇಲ್ಲ.

ಉತ್ತರ: ಎಂಸಿ ವಿಷ್ಯ ಮೊದ್ಲೇ ಮುಗಿಸ್ಬಿಡ್ತೀನಿ, ಬೇಡ. ಸಾಮಾನ್ಯ ಎಂಎಂ ಕಾರ್ಟ್ರಿಡ್ಜ್ 4-5 ಮಿಲಿವೋಲ್ಟ್ ಸಿಗ್ನಲ್ ಕೊಟ್ರೆ ಎಂಸಿಗಳಲ್ಲಿ ಬಹುಪಾಲು ಅರ್ಧ ಮಿಲಿವೋಲ್ಟೂ ಕೊಡಲ್ಲ, ನಿಮ್ಮ ಆಂಪ್‌ಗೆ ಅದು ಸಾಕಾಗಲ್ಲ, ಸಿಗ್ನಲ್ ಹೆಚ್ಚಿಸೋಕೆ ಬೇರೆ ಪ್ರೀಆಂಪ್ ತಗೋಬೇಕು, ಮೇಲಾಗಿ ಮುಳ್ಳು ಸವೆದ ದಿನ ಮನೇಲೇ ಬದಲಾಯಿಸೋಕೆ ಆಗಲ್ಲ, ಇಡೀ ಕಾರ್ಟ್ರಿಡ್ಜನ್ನೇ ಕಳಿಸ್ಬೇಕು ಇಲ್ಲಾ ಹೊಸದು ಕೊಳ್ಬೇಕು. ಬಜೆಟ್ ಕಡಿಮೆ ಅನ್ನೋರಿಗೆ ಇದನ್ನ ಯಾಕೆ ಹೇಳ್ತಾರೋ ಗೊತ್ತಿಲ್ಲ.

ಇನ್ನು ಕೊನೇ ಹಾಡಿನ ಕರಕರ. ಎಲ್‌ಪಿ ಒಂದೇ ಸ್ಪೀಡಲ್ಲಿ ತಿರುಗ್ತಿದ್ರೂ ಹೊರಗಿನ ಅಂಚಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ (ಹಾಡು ಕೊರೆದಿರೋ ಗೀರು) ಹೋಗತ್ತೆ, ಲೇಬಲ್ ಹತ್ರ ಬರೋ ಹೊತ್ತಿಗೆ ಅದು 21ಕ್ಕೆ ಇಳಿದಿರತ್ತೆ. ಅಂದ್ರೆ ಅದೇ ಸ, ಅದೇ ಶ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೊರೆದಿರತ್ತೆ. ದುಂಡು ತುದಿಯ ಮುಳ್ಳು, ಕೋನಿಕಲ್ ಅಂತೀವಲ್ಲ ಅದು, ಆ ಸಣ್ಣ ಅಂಕುಡೊಂಕಿನ ಒಳಗೆ ಪೂರ್ತಿ ಇಳಿಯೋದೇ ಇಲ್ಲ. ಎಲಿಪ್ಟಿಕಲ್‌ದು ಅಂಚು ಸಣ್ಣ, ಸ್ವಲ್ಪ ವಾಸಿ. ಮೈಕ್ರೋಲೀನಿಯರ್, ಶಿಬಾಟ ಥರದವು ಇನ್ನೂ ಚೆನ್ನಾಗಿ ಓದ್ತವೆ. ಸವೆದ ಮುಳ್ಳಾದ್ರೆ ಯಾವ ಆಕಾರದ್ದಾದ್ರೂ ಮೊದ್ಲು ಕೈ ಕೊಡೋದು ಇಲ್ಲೇ, ನಿಮ್ದೂ ಸವೆದಿರೋ ಹಾಗೇ ಕಾಣ್ತಿದೆ. ಆದ್ರೂ ದುಡ್ಡು ಬಿಚ್ಚೋಕೆ ಮುಂಚೆ ಒಣ ಬ್ರಷ್ ತಗೊಂಡು ಹಿಂದಿನಿಂದ ಮುಂದಕ್ಕೆ, ಒಂದೇ ದಿಕ್ಕಲ್ಲಿ, ಮುಳ್ಳಿಗೆ ಅಂಟಿರೋ ಧೂಳು ತೆಗೀರಿ, ಟ್ರ್ಯಾಕಿಂಗ್ ಫೋರ್ಸ್, ಅಂದ್ರೆ ಮುಳ್ಳು ಪ್ಲೇಟಿನ ಮೇಲೆ ಒತ್ತೋ ಭಾರ, ಎಷ್ಟಿದೆ ನೋಡಿ. ಭಾರ ಕಮ್ಮಿ ಇಟ್ರೆ ಪ್ಲೇಟು ಉಳಿಯತ್ತೆ ಅಂತ ನಂಬಿರೋರು ತುಂಬ ಜನ ಇದಾರೆ, ಆಗೋದು ತದ್ವಿರುದ್ಧ, ಹಗುರಾದ ಮುಳ್ಳು ಗ್ರೂವಲ್ಲಿ ನಿಲ್ಲದೆ ಎಗರೆಗರಿ ಗೋಡೆಗೆ ಬಡಿಯತ್ತೆ, ಆ ಗಾಯ ಪ್ಲೇಟಲ್ಲಿ ಹಾಗೇ ಉಳಿಯತ್ತೆ.

ಸರಿ, ಯಾವ್ದು ತಗೊಳ್ಳೋದು. ನನ್ನ ಅಭಿಪ್ರಾಯದಲ್ಲಿ ಈಗ ಹಾಕೋ ಮುಳ್ಳಿಗಿಂತ ಮುಂದೆ ಯಾವ ಮುಳ್ಳು ಹಾಕೋಕಾಗತ್ತೆ ಅಂತ ನೋಡಿ ಬಾಡಿ ಆರಿಸ್ಬೇಕು. ಬಾಡಿ ಸವೆಯಲ್ಲ, ಸವೆಯೋದು ಸ್ಟೈಲಸ್, ಅಂದ್ರೆ ಎಳೆದು ತೆಗೆಯೋ ಮುಳ್ಳಿನ ಭಾಗ. ಆಡಿಯೋ ಟೆಕ್ನಿಕಾ ವಿಎಂ95 ಸರಣಿ ನನಗೆ ಇಷ್ಟ ಆಗೋದು ಇದಕ್ಕೇ: ಒಂದೇ ಬಾಡಿ, ಅದಕ್ಕೆ ಕೋನಿಕಲ್ ಸಿ, ಎಲಿಪ್ಟಿಕಲ್ ಇ, ಮೈಕ್ರೋಲೀನಿಯರ್ ಎಂಎಲ್, ಶಿಬಾಟ ಎಸ್‌ಎಚ್ ಯಾವ್ದು ಬೇಕಾದ್ರೂ ಎಳೆದು ಸಿಕ್ಕಿಸ್ಬೋದು. ಈಗ ಇ ತಗೊಳ್ಳಿ. ಅದರ ಮುಳ್ಳಿನ ಆಯಸ್ಸು ಕಂಪನಿ ಹೇಳೋ ಪ್ರಕಾರ 300 ಗಂಟೆ. ದಿನಕ್ಕೊಂದು ಎಲ್‌ಪಿ ಎರಡೂ ಕಡೆ ಕೇಳಿದ್ರೆ ಹತ್ರಹತ್ರ 40 ನಿಮಿಷ ಅಂತ ಇಟ್ಕೊಳ್ಳಿ, ಒಂದೂಕಾಲು ವರ್ಷ ಬರತ್ತೆ. ಅದು ಮುಗಿದಾಗ ಎಂಎಲ್ ಸ್ಟೈಲಸ್ ಹಾಕಿ. ಅದಕ್ಕೆ 1000 ಗಂಟೆ. ಬೆಲೆ ನೋಡಿ ಎದೆ ಧಸಕ್ಕನ್ನಬೋದು, ಆದ್ರೆ ಗಂಟೆ ಲೆಕ್ಕದಲ್ಲಿ ಭಾಗಿಸಿ ನೋಡಿದ್ರೆ ಅಷ್ಟೇನೂ ದುಬಾರಿ ಅನ್ಸಲ್ಲ, ನಿಮ್ಮ ಸ-ಶ ಕಷ್ಟಕ್ಕೂ ಅದೇ ಮದ್ದು. ಒಂದೇ ತಕರಾರು, ಅಂಥ ಸೂಕ್ಷ್ಮ ಮುಳ್ಳಿಗೆ ಅಲೈನ್‌ಮೆಂಟ್, ಅಂದ್ರೆ ಕಾರ್ಟ್ರಿಡ್ಜ್ ಕೂತಿರೋ ಕೋನ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಸಹಿಸಲ್ಲ.

ಆರ್ಟೋಫೋನ್ 2ಎಂ ರೆಡ್ ಕೂಡ ಒಳ್ಳೇದೇ, 5.5 ಮಿಲಿವೋಲ್ಟ್ ಇರೋದ್ರಿಂದ ಸೌಂಡ್ ದೊಡ್ದಾಗೇ ಬರತ್ತೆ, ಮುಂದೆ 2ಎಂ ಬ್ಲೂ ಸ್ಟೈಲಸ್ ಅದೇ ಬಾಡಿಗೆ ಕೂರತ್ತೆ. ನಾಗಾವೋಕ ಎಂಪಿ-110 ಬಳಸೋರು ಅದರ ಮೆತ್ತನೆ ಸೌಂಡನ್ನ ಬಿಟ್ಟುಕೊಡಲ್ಲ. ಗ್ರಾಡೋ ವಿಷ್ಯದಲ್ಲಿ ಮಾತ್ರ ಎಚ್ಚರ, ಕೆಲವು ಟರ್ನ್‌ಟೇಬಲ್‌ಗಳ ಮೋಟರ್ ಹತ್ರ ಹೋದ್ರೆ ಗುಂಯ್ ಅನ್ನತ್ತೆ.

ಟೋನ್‌ಆರ್ಮ್‌ಗೂ ಕಾರ್ಟ್ರಿಡ್ಜ್‌ಗೂ ಹೊಂದಾಣಿಕೆ ಇದ್ಯಾ ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ. ಆರ್ಮ್‌ನ ಎಫೆಕ್ಟಿವ್ ಮಾಸ್ (ಆರ್ಮ್ ಆಡುವಾಗ ಮುಳ್ಳಿಗೆ ಅನ್ನಿಸೋ ಭಾರ), ಕಾರ್ಟ್ರಿಡ್ಜ್ ತೂಕ, ಸ್ಕ್ರೂ ತೂಕ ಮೂರನ್ನೂ ಗ್ರಾಂನಲ್ಲಿ ಕೂಡಿಸಿ, ಕಂಪ್ಲಯನ್ಸ್‌ನಿಂದ (ಮುಳ್ಳು ಎಷ್ಟು ಸಲೀಸಾಗಿ ಬಾಗತ್ತೆ ಅನ್ನೋ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, 159ನ್ನ ಅದರಿಂದ ಭಾಗಿಸಿ. ಉತ್ತರ, ಅಂದ್ರೆ ಆರ್ಮೂ ಕಾರ್ಟ್ರಿಡ್ಜೂ ಸೇರಿ ತಾವೇ ಅದುರೋ ಫ್ರೀಕ್ವೆನ್ಸಿ, 8ರಿಂದ 12 ಹರ್ಟ್ಜ್ ಒಳಗೆ ಬಂದ್ರೆ ನಿಶ್ಚಿಂತೆ. ಉದಾಹರಣೆಗೆ 12 ಗ್ರಾಂ ಆರ್ಮ್, 7 ಗ್ರಾಂ ಕಾರ್ಟ್ರಿಡ್ಜ್, 1 ಗ್ರಾಂ ಸ್ಕ್ರೂ, ಕಂಪ್ಲಯನ್ಸ್ 20, ಆಗ ಸರಿಸುಮಾರು 8 ಬರತ್ತೆ, ನಡಿಯತ್ತೆ. ಜಪಾನಿನ ಕಂಪನಿಗಳು ಕಂಪ್ಲಯನ್ಸನ್ನ 100 ಹರ್ಟ್ಜ್‌ನಲ್ಲಿ ಅಳೆದು ಬರೀತಾವೆ, ಈ ಲೆಕ್ಕಕ್ಕೆ ಬೇಕಿರೋದು 10 ಹರ್ಟ್ಜ್‌ದು, ಹಾಗಾಗಿ ವಿಎಂ95ಇಗೆ 7 ಅಂತ ಬರೆದಿರೋದು ನೋಡಿ ಗಾಬರಿ ಬೀಳ್ಬೇಡಿ, ಅದನ್ನ ಒಂದೂವರೆಯಿಂದ ಎರಡು ಪಟ್ಟು ಮಾಡ್ಕೊಂಡು ಲೆಕ್ಕ ಹಾಕಿ.

ಕೂರಿಸುವಾಗ ಮುಳ್ಳಿನ ಕವರ್ ತೆಗೀಬೇಡಿ, ಆಗೋದಾದ್ರೆ ಸ್ಟೈಲಸ್ಸೇ ಬಿಚ್ಚಿಟ್ಟು ಕೆಲಸ ಮಾಡಿ. ವೈರು ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಪುಟ್ಟ ಇಕ್ಕಳದಲ್ಲಿ ಕ್ಲಿಪ್ಪನ್ನ ಹಿಡ್ಕೊಂಡು ಮೆಲ್ಲಗೆ ತಳ್ಳಿ, ವೈರ್ ಹಿಡಿದು ಎಳೆದ್ರೆ ಕಿತ್ತೇ ಬರತ್ತೆ. ಪಿನ್‌ಗೆ ನೇರ ಬೆಸುಗೆ ಹಾಕೋಕೆ ಹೋಗ್ಲೇಬೇಡಿ, ಬಿಸಿಗೆ ಒಳಗಿನ ಕೂದಲೆಳೆಯಂಥ ತಂತಿ ಬಿಟ್ಟುಹೋಗತ್ತೆ. ಆಮೇಲೆ ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಜಾರದ ಹಾಗೆ ಹಿಡಿಯೋ ಏರ್ಪಾಡು) ಸೊನ್ನೆ ಮಾಡಿ, ಸ್ಟೈಲಸ್ ಹಾಕಿ ಕವರ್ ತೆಗೆದು, ಆರ್ಮ್ ಗಾಳೀಲಿ ತೇಲೋವರೆಗೂ ಅದರ ಹಿಂಬದಿಯ ತೂಕ ತಿರುಗಿಸಿ, ಅಲ್ಲಿ ಡಯಲ್ ಸೊನ್ನೆಗೆ ತಂದು ವಿಎಂ95ಇ ಆದ್ರೆ 2 ಗ್ರಾಂ, 2ಎಂ ರೆಡ್ ಆದ್ರೆ 1.8 ಗ್ರಾಂ ಇಡಿ. ಡಯಲ್ ಮೇಲೆ ಪೂರ್ತಿ ಭರವಸೆ ಇಡದೆ ಒಂದು ಚಿಕ್ಕ ಡಿಜಿಟಲ್ ಗೇಜ್ ತಗೊಳ್ಳಿ. ಅಲೈನ್‌ಮೆಂಟ್‌ಗೆ ಪ್ರೊಟ್ರ್ಯಾಕ್ಟರ್ ಕಾಗದ (ಕೋನ ನೋಡೋಕೆ ಗೆರೆ ಹಾಕಿರೋ ಹಾಳೆ) ಪ್ರಿಂಟ್ ಹಾಕುವಾಗ ಸೈಜ್ ನೂರಕ್ಕೆ ನೂರು ಇದ್ಯಾ ಅಂತ ಸ್ಕೇಲ್ ಇಟ್ಟು ಅಳೀರಿ, ಪ್ರಿಂಟರ್ ಸುಮ್ನೆ ಒಂಚೂರು ಕುಗ್ಗಿಸಿರತ್ತೆ. ಇಷ್ಟು ಸರಿ ಮಾಡಿದ್ರೆ ಕೊನೇ ಹಾಡಿನ ಗಲಾಟೆ ಅರ್ಧಕ್ಕರ್ಧ ಇಳಿಯತ್ತೆ.

ಪ್ರಶ್ನೆ: ನಮ್ಮದು ಎಟಿ-ಎಲ್‌ಪಿ60ಎಕ್ಸ್ ಟರ್ನ್‌ಟೇಬಲ್. ಇದಕ್ಕೆ 2ಎಂ ರೆಡ್ ಹಾಕ್ಬೋದಾ?

ಉತ್ತರ: ಆಗಲ್ಲ. ಅದರ ಕಾರ್ಟ್ರಿಡ್ಜ್ ಆರ್ಮ್ ಜೊತೆಗೇ ಸೇರಿದೆ, ತೂಕ ಹೊಂದಿಸೋ ಏರ್ಪಾಡೂ ಇಲ್ಲ. ಎಟಿಎನ್3600ಎಲ್ ಸ್ಟೈಲಸ್ ಸಿಗತ್ತೆ, ಅಗ್ಗ, ಸವೆದ ಹಾಗೆ ಬದಲಾಯಿಸ್ತಾ ಇರಿ. ಅದಕ್ಕೆ ಇನ್ನೇನೂ ಖರ್ಚು ಮಾಡ್ಬೇಡಿ, ಆ ದುಡ್ಡು ಮುಂದಿನ ಟರ್ನ್‌ಟೇಬಲ್‌ಗೆ ಎತ್ತಿಡಿ.

ಪ್ರಶ್ನೆ: ತಾತನ ಕಾಲದ 78 ಆರ್‌ಪಿಎಂ ಪ್ಲೇಟುಗಳಿವೆ. ಟರ್ನ್‌ಟೇಬಲ್‌ನಲ್ಲಿ 78 ಸ್ಪೀಡ್ ಇದೆ, ಎಲ್‌ಪಿ ಮುಳ್ಳಲ್ಲೇ ಕೇಳ್ಬೋದಾ?

ಉತ್ತರ: ಸದ್ದೇನೋ ಬರತ್ತೆ, ಆದ್ರೆ ಬೇಡ. ಆ ಪ್ಲೇಟಿನ ಗ್ರೂವ್ ಅಗಲ, ಅದಕ್ಕೆ ತುದಿಯ ರೇಡಿಯಸ್ 3 ಮಿಲ್, ಅಂದ್ರೆ ಸುಮಾರು 76 ಮೈಕ್ರಾನ್ ಇರೋ ಮುಳ್ಳು ಬೇಕು, ಎಲ್‌ಪಿದು 0.7 ಮಿಲ್ ಆಸುಪಾಸಲ್ಲಿರತ್ತೆ. ಸಣ್ಣ ಮುಳ್ಳು ಗ್ರೂವಿನ ತಳಕ್ಕೆ ಬಿದ್ದು ಅಲ್ಲಿರೋ ಕೊಳೆಯನ್ನೆಲ್ಲ ಕೆರೀತಾ ಹೋಗತ್ತೆ, ಕೇಳ್ಸೋದು ಬರೀ ಕೊರಕೊರ. ವಿಎಂ95 ಬಾಡಿ ಇದ್ರೆ ಎಸ್‌ಪಿ ಸ್ಟೈಲಸ್ ಸಾಕು. ಅದಕ್ಕೆ ಫೋರ್ಸ್ 5 ಗ್ರಾಂ, ನಿಮ್ಮ ಆರ್ಮ್ ಅಷ್ಟು ಕೊಡತ್ತಾ ಮೊದ್ಲು ನೋಡಿ, ಎಷ್ಟೋ ಆರ್ಮ್‌ಗಳ ಡಯಲ್ 3-4 ಗ್ರಾಂಗೇ ಮುಗಿದಿರತ್ತೆ. ಎಲ್‌ಪಿಗೆ ವಾಪಸ್ ಬರುವಾಗ ತೂಕ ಇಳಿಸೋದು ಮರೀಬೇಡಿ.