ಆಕೆಗೆ ಸುಸ್ತಾಗಿರಲಿಲ್ಲ, ಮೇಷ್ಟ್ರೇ

ದಾವಣಗೆರೆಯಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಹೆಂಗಸರ ಹೋರಾಟಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ರೋಸಾ ಪಾರ್ಕ್ಸ್ ಕತೆಯನ್ನು ನಾನೇ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಹೊಲಿಗೆ ಕೆಲಸದ ಹೆಂಗಸು, ದಿನವೆಲ್ಲ ದುಡಿದು ಸುಸ್ತಾಗಿದ್ದಳು, ಬಿಳಿಯನಿಗೆ ಸೀಟು ಬಿಡಲಿಲ್ಲ, ದೇಶ ಬದಲಾಯಿತು. ಅಂಥವರು ಶತಮಾನಕ್ಕೊಬ್ಬರು ಹುಟ್ಟುತ್ತಾರೆ. ನಮ್ಮಂಥವರ ಮನೆಗೆ ಆ ಕತೆಯಿಂದ ಏನಾಗಬೇಕು? ನನ್ನ ಮಗಳು ವಿದೇಶದಲ್ಲಿ ಓದುತ್ತಿದ್ದಾಳೆ. ಹೋದ ತಿಂಗಳು ಬಸ್ಸಿನಲ್ಲಿ ಯಾರೋ 'ನಿಮ್ಮ ದೇಶಕ್ಕೆ ಹೋಗು' ಎಂದು ಕೂಗಾಡಿದನಂತೆ. ತಲೆ ತಗ್ಗಿಸಿಕೊಂಡು ಕಾಲೇಜಿಗೆ ಹೋಗಿ ಬಾ, ಯಾರ ತಂಟೆಗೂ ಹೋಗಬೇಡ ಎಂದೆ. ಅವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ನಾವು ಓದಿದ ಜನ, ನಮ್ಮನ್ನೂ ಕರಿಯರ ಸಾಲಿಗೆ ಸೇರಿಸುತ್ತಾರಲ್ಲ ಎಂಬುದೇ ಸಂಕಟ. ನಾನು ಹೇಳಿದ್ದು ತಪ್ಪೇ?"

ಮೇಷ್ಟ್ರೇ, ನಿಮ್ಮ ಭಯ ತಪ್ಪಲ್ಲ. ಬಸ್ಸಿನಲ್ಲಿ ಒಬ್ಬಳೇ ಇರುವ ಹುಡುಗಿ, ಎದುರಿಗೆ ಅರಚಾಡುವ ಗಂಡಸು. ಅಲ್ಲೇ ವಾದಕ್ಕೆ ನಿಲ್ಲು ಎಂದು ನಾನೂ ಹೇಳುವುದಿಲ್ಲ. ಆ ಹೊತ್ತಿಗೆ ಅಲ್ಲಿಂದ ಸುರಕ್ಷಿತವಾಗಿ ಇಳಿದು ಹೋಗುವುದೇ ಬುದ್ಧಿವಂತಿಕೆ. ಇಷ್ಟು ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ಚುಚ್ಚಿದವು. ಒಂದು, ಆಕೆಗೆ ಸುಸ್ತಾಗಿತ್ತು ಎಂಬುದು. ಇನ್ನೊಂದು, ಆ ಸಾಲಿನ ಮಾತು. ನೀವು ಪಾಠ ಹೇಳಿದವರು. ಅದಕ್ಕೇ ಸ್ವಲ್ಪ ಜಾಸ್ತಿಯೇ ಬರೆಯುತ್ತಿದ್ದೇನೆ.

ಮೊದಲು ಸುಸ್ತಿನ ವಿಷಯ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗಮರಿ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡದೆ ಕೂತದ್ದು 1955ರ ಡಿಸೆಂಬರ್ 1ರಂದು. ಆಗ ಅವರಿಗೆ 42 ವರ್ಷ. ಅವತ್ತು ಮೈಗೇನೂ ವಿಶೇಷ ಸುಸ್ತಿರಲಿಲ್ಲ, ತಗ್ಗಿ ತಗ್ಗಿ ನಡೆದು ಸಾಕಾಗಿತ್ತು ಅಷ್ಟೇ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಷ್ಟರಲ್ಲಾಗಲೇ ಅವರು ಹನ್ನೆರಡು ವರ್ಷದಿಂದ ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಸಂಘದ ಊರ ಶಾಖೆಯಲ್ಲಿದ್ದರು, ಅದರ ಕಾರ್ಯದರ್ಶಿಯಾಗಿ ಕೆಲಸ ಮಾಡಿದ್ದರು. 1944ರಲ್ಲಿ ಅಬ್ಬೆವಿಲ್ ಎಂಬ ಊರಿನಲ್ಲಿ ಚರ್ಚಿನಿಂದ ಮನೆಗೆ ಹೊರಟಿದ್ದ ರೆಸಿ ಟೇಲರ್ ಎಂಬ ಹೆಣ್ಣುಮಗಳ ಮೇಲೆ ಬಿಳಿಯರ ಗುಂಪೊಂದು ಅತ್ಯಾಚಾರ ಮಾಡಿತು. ಅಲ್ಲಿಗೆ ಹೋಗಿ ಆಕೆಯ ಮಾತನ್ನು ಬರೆದುಕೊಂಡು ಬಂದು, ಊರೂರಿಗೆ ಸುದ್ದಿ ಮುಟ್ಟಿಸಿದವರಲ್ಲಿ ಇದೇ ರೋಸಾ ಒಬ್ಬರು. 1955ರ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಹೋರಾಟದ ಶಿಬಿರ ಮುಗಿಸಿ ಬಂದಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ ಸೆಪ್ಟಿಮಾ ಕ್ಲಾರ್ಕ್ ಕೂಡ ನಿಮ್ಮ ಹಾಗೆ ಶಾಲಾ ಟೀಚರು.

ಇನ್ನೊಂದು ಸಂಗತಿ ಕೇಳಿ. ಬಸ್ಸಿನ ಆ ಡ್ರೈವರ್ 1943ರಲ್ಲೇ ಒಮ್ಮೆ ಅವರನ್ನು ಕೆಳಗಿಳಿಸಿದ್ದ. ಆ ಊರಲ್ಲಿ ಕಪ್ಪು ಜನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕಿತ್ತು. ಹತ್ತುವಷ್ಟರಲ್ಲಿ ಕೆಲವು ಡ್ರೈವರುಗಳು ಬಸ್ ಬಿಟ್ಟುಕೊಂಡು ಹೋಗಿಬಿಡುತ್ತಿದ್ದರು. ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಹನ್ನೆರಡು ವರ್ಷದ ಮೇಲೆ ಅದೇ ಡ್ರೈವರ್ ಏಳು ಎಂದಾಗ ರೋಸಾ ಏಳಲಿಲ್ಲ. ಇದನ್ನು ಸುಸ್ತು ಎಂದು ಹೇಗೆ ಕರೆಯೋಣ?

ಸುಸ್ತಿನ ಕತೆ ಯಾಕೆ ಇಷ್ಟು ಹಬ್ಬಿತು ಎಂದು ನಾನು ತುಂಬಾ ಯೋಚಿಸಿದ್ದೇನೆ. ಸುಸ್ತಾದ ಹೆಂಗಸನ್ನು ಕಂಡರೆ ಎಲ್ಲರಿಗೂ ಅಯ್ಯೋ ಅನಿಸುತ್ತದೆ. ಲೆಕ್ಕ ಹಾಕಿ, ಕಲಿತು, ಸಂಘ ಕಟ್ಟಿ ನಿಂತ ಹೆಂಗಸನ್ನು ಕಂಡರೆ ಹೆದರಿಕೆಯಾಗುತ್ತದೆ. ಹಾಗಾಗಿ ಕಲಿತದ್ದನ್ನೆಲ್ಲ ಅಳಿಸಿ ಸುಸ್ತನ್ನು ಮಾತ್ರ ಉಳಿಸಿಕೊಂಡರು.

ಅವತ್ತು ರಾತ್ರಿ ನಡೆದದ್ದನ್ನು ನೀವು ಕ್ಲಾಸಿನಲ್ಲಿ ಹೇಳಿದ್ದೀರಾ? ಜೋ ಆನ್ ರಾಬಿನ್ಸನ್ ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರ ಕ್ರಿಸ್ಮಸ್ ರಜೆಗೆ ಹೊರಟಾಗ, ಖಾಲಿ ಅನ್ನಬಹುದಾದ ಬಸ್ಸಿನಲ್ಲಿ ಬಿಳಿಯರಿಗೆಂದು ಬಿಟ್ಟ ಮುಂದಿನ ಭಾಗದಲ್ಲಿ ಕೂತರೆಂದು ಡ್ರೈವರ್ ಹೊಡೆಯುವವನಂತೆ ಮೇಲೆ ಬಂದಿದ್ದ. ಅಳುತ್ತಾ ಇಳಿದವರು ಆ ಅಳುವನ್ನು ಮರೆಯಲಿಲ್ಲ. ಊರಿನ ಕಪ್ಪು ಹೆಂಗಸರ ರಾಜಕೀಯ ಮಂಡಳಿಯ ಅಧ್ಯಕ್ಷೆಯಾದರು. 1954ರ ಮೇ ತಿಂಗಳಲ್ಲೇ, ಬಸ್ಸುಗಳಲ್ಲಿ ಹೀಗೇ ನಡೆದರೆ ಜನ ಬಸ್ ಹತ್ತುವುದನ್ನೇ ಬಿಡಬಹುದು ಎಂದು ಮೇಯರ್‌ಗೆ ಪತ್ರ ಬರೆದಿದ್ದರು. ಅಂದರೆ ರೋಸಾ ಬಂಧನಕ್ಕೆ ಒಂದೂವರೆ ವರ್ಷ ಮೊದಲು!

ರೋಸಾ ಬಂಧನದ ಸುದ್ದಿ ಬಂದ ರಾತ್ರಿ ಅವರು ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಕರಪತ್ರ ತೆಗೆದರು. ಕಾಗದ ಉಳಿಸಲು ಒಂದು ಹಾಳೆಯಲ್ಲಿ ಮೂರು ಪ್ರತಿ. ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಮಾಡಿದ ನಿಮಗೆ ಆ ಶಾಯಿಯ ವಾಸನೆ, ಕೈಗೆ ಹತ್ತುವ ಮಸಿ ಗೊತ್ತು. ಬೆಳಗಿನ ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಕರಪತ್ರ ಸಿದ್ಧವಾದವು. ಸೋಮವಾರ ಬಸ್ ಹತ್ತಬೇಡಿ ಎಂಬುದು ಅದರ ಸಾರ. ಎಂಟು ಗಂಟೆಗೆ ಅವರಿಗೆ ಕ್ಲಾಸಿತ್ತು. ಕ್ಲಾಸು ಮುಗಿಸಿ, ಕಾರಿನಲ್ಲಿ ಕಟ್ಟುಗಳನ್ನು ತುಂಬಿಕೊಂಡು ಶಾಲೆ ಶಾಲೆಗೆ ಹಂಚಿ ಬಂದರು. ಕಾಲೇಜು ಸರ್ಕಾರದ್ದು, ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹಾಗಾಗಿ ಕರಪತ್ರದಲ್ಲಿ ತಮ್ಮ ಹೆಸರು ಹಾಕಲಿಲ್ಲ.

ಸೋಮವಾರ ಬಸ್ಸುಗಳು ಖಾಲಿ ಓಡಿದವು. ಆಮೇಲೆ 381 ದಿನ ಹಾಗೇ ಓಡಿದವು.

ಅಷ್ಟು ದಿನ ಜನ ನಡೆದರು, ಸರಿ. ಆದರೆ ಸುಮಾರು 300 ಕಾರುಗಳು ಜನರನ್ನು ಕೆಲಸಕ್ಕೆ ಬಿಟ್ಟು ಕರೆತರುತ್ತಿದ್ದವು. ಪೆಟ್ರೋಲ್ ದುಡ್ಡು ಎಲ್ಲಿಂದ ಬಂತು? ಇಲ್ಲಿ ಜಾರ್ಜಿಯಾ ಗಿಲ್ಮೋರ್ ಬರುತ್ತಾರೆ. ನನಗೆ ಈ ಹೆಂಗಸಿನ ಮೇಲೆ ವಿಪರೀತ ಪ್ರೀತಿ. ಹೋಟೆಲೊಂದರಲ್ಲಿ ಅಡುಗೆಯವರು. ಅಕ್ಕಪಕ್ಕದ ಹೆಂಗಸರನ್ನು ಸೇರಿಸಿ ಕೋಳಿ ಸ್ಯಾಂಡ್‌ವಿಚ್, ಕೇಕು ಮಾಡಿ ಮಾರಿದರು. ಬಂದ ದುಡ್ಡನ್ನು ವಾರವಾರದ ಸಭೆಯಲ್ಲಿ ಒಪ್ಪಿಸುತ್ತಿದ್ದರು. ಮಾಡಿದವರ, ಕೊಂಡವರ ಹೆಸರು ಹೊರಬಿದ್ದರೆ ಅವರ ಕೂಲಿಗೆ ಕುತ್ತು. ಅದಕ್ಕೆ ಗುಂಪಿಗೆ 'ಎಲ್ಲಿಯದೂ ಅಲ್ಲದ ಕ್ಲಬ್ಬು' ಎಂಬರ್ಥದ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಎಂದರೆ ಎಲ್ಲಿಂದಲೂ ಇಲ್ಲ. 1956ರಲ್ಲಿ ಈ ಬಸ್ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಮೇಲೆ ಕೇಸು ನಡೆದಾಗ ಕೋರ್ಟಿಗೆ ಹೋಗಿ ಬಸ್ಸಿನವರ ವಿರುದ್ಧ ಸಾಕ್ಷಿ ಹೇಳಿದರು. ಕೆಲಸ ಹೋಯಿತು. ಮನೆಯಲ್ಲೇ ಒಲೆ ಹೊತ್ತಿಸಿ ಊಟ ಹಾಕಲು ಶುರು ಮಾಡಿದರು. ಆ ಅಡುಗೆಮನೆಯಲ್ಲಿ ಉಂಡು ಹೋಗುತ್ತಿದ್ದವರಲ್ಲಿ ಕಿಂಗ್ ಕೂಡ ಒಬ್ಬರು. 1990ರಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ಮೆರವಣಿಗೆಯ 25ನೇ ವರ್ಷಕ್ಕೆ ಬರುವವರಿಗಾಗಿ ಅಡುಗೆ ಮಾಡಿಟ್ಟು ತೀರಿಕೊಂಡರು. ಅವರನ್ನು ಕಳಿಸಿಕೊಡಲು ಬಂದವರು ಅವರೇ ಮಾಡಿದ ಅಡುಗೆ ಉಂಡರು.

ಕಿಂಗ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಬಾಂಬ್ ಬಿದ್ದಾಗಲೂ ಜನರನ್ನು ಶಾಂತವಾಗಿಟ್ಟವರು. ಆದರೆ 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಹಕ್ಕಿಗಾಗಿ ಲಕ್ಷಾಂತರ ಜನ ಸೇರಿದಾಗ ಮುಖ್ಯ ಭಾಷಣಕ್ಕೆ ಒಬ್ಬ ಹೆಂಗಸನ್ನೂ ಕರೆಯಲಿಲ್ಲ. ಕಪ್ಪು ಮಕ್ಕಳ ಶಾಲಾ ಹಕ್ಕಿಗೆ ಹೋರಾಡಿದ ಡೈಸಿ ಬೇಟ್ಸ್ ಎದ್ದು ನಾಲ್ಕು ಸಾಲು ಹೇಳಿ ಕೂತರು. ಗಂಡಸರ ಮೆರವಣಿಗೆ ಒಂದು ಬೀದಿಯಲ್ಲಿ, ಮುಂದಾಳು ಹೆಂಗಸರದ್ದು ಇನ್ನೊಂದು ಬೀದಿಯಲ್ಲಿ. ಬಸ್ಸಿನಲ್ಲಿ ಹಿಂದೆ ಕೂರುವುದಿಲ್ಲ ಎಂದು ಗೆದ್ದವರನ್ನು ಗೆದ್ದ ಮೇಲೆ ಹಿಂದಕ್ಕೆ ಕೂರಿಸಿದ ಹಾಗಾಯಿತು ಅಲ್ವಾ?

ಕ್ಲಾಡೆಟ್ ಕಾಲ್ವಿನ್ ಅನ್ನುವ ಹುಡುಗಿಗೆ ಆದದ್ದೂ ಇದೇ. ರೋಸಾಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಎದ್ದೇಳದೆ ಕೂತು ಪೊಲೀಸರ ಕೈಗೆ ಸಿಕ್ಕವಳು. ವಯಸ್ಸು 15. ಬಡವರ ಮನೆಯ ಹುಡುಗಿ, ಆಮೇಲೆ ಬಸಿರಾದಳು. ಮುಂದಾಳುಗಳು ಈಕೆಯನ್ನು ಮುಂದಿಟ್ಟರೆ ಕೇಸು ನಿಲ್ಲುವುದಿಲ್ಲ ಎಂದುಕೊಂಡರು. ಅವರ ಲೆಕ್ಕವೂ ಒಂದು ಲೆಕ್ಕವೇ ಇರಬಹುದು. ಆದರೆ ಕೊನೆಗೆ ಬಸ್ಸಿನ ಕಾನೂನು ಬಿದ್ದದ್ದು ಯಾವ ಕೇಸಿನಲ್ಲಿ? ಔರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಇದೇ ಕ್ಲಾಡೆಟ್ ಹಾಕಿದ ಕೇಸಿನಲ್ಲಿ. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ನಾಲ್ವರ ಕೇಸನ್ನು. ಈ ನಾಲ್ಕು ಹೆಸರನ್ನು ಎಷ್ಟು ಪಠ್ಯಪುಸ್ತಕದಲ್ಲಿ ನೋಡಿದ್ದೀರಿ?

ಕ್ಲಾಡೆಟ್‌ಗೆ ಆ ಧೈರ್ಯ ಬಂದದ್ದು ಎಲ್ಲಿಂದ ಗೊತ್ತೇ? ಆ ಫೆಬ್ರವರಿಯಲ್ಲಿ ಅವಳ ಶಾಲೆಯಲ್ಲಿ ಕಪ್ಪು ಜನರ ಚರಿತ್ರೆಯ ಪಾಠ ನಡೆದಿತ್ತು. ಗುಲಾಮರನ್ನು ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್ಮನ್ ಒಂದು ಹೆಗಲ ಮೇಲೆ, ಗುಲಾಮಗಿರಿಯ ವಿರುದ್ಧ ಊರೂರಲ್ಲಿ ಮಾತಾಡಿದ ಸೊಜರ್ನರ್ ಟ್ರೂತ್ ಇನ್ನೊಂದು ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದ ಹಾಗಿತ್ತು ಎಂದು ದೊಡ್ಡವಳಾದ ಮೇಲೆ ಹೇಳಿದ್ದಾರೆ. ಒಂದು ಹುಡುಗಿಯನ್ನು ಸೀಟಿಗೆ ಅಂಟಿಸಿದ್ದು ಚರಿತ್ರೆಯ ಪಿರಿಯಡ್ಡು, ಮೇಷ್ಟ್ರೇ! ನಿಮ್ಮ ಕ್ಲಾಸಿನಲ್ಲಿ ಕೂತು ಹೋದ ಹೆಣ್ಣುಮಕ್ಕಳನ್ನು ಒಮ್ಮೆ ನೆನೆಸಿಕೊಳ್ಳಿ.

ಇನ್ನು ಆ ಸಾಲಿನ ಮಾತು. ಇದಕ್ಕೆ ಉತ್ತರ ನಮ್ಮ ಮಂಗಳೂರಿನ ಹೆಣ್ಣುಮಗಳೊಬ್ಬರು 1941ರಲ್ಲೇ ಕೊಟ್ಟಿದ್ದಾರೆ. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಲೂಸಿಯಾನಾದಲ್ಲಿ ಟಿಕೆಟ್ ಕಲೆಕ್ಟರ್ ಬಂದು ಬಿಳಿಯರ ಡಬ್ಬಿಯಿಂದ ಏಳಲು ಹೇಳಿದ. ಅವರು ಏಳಲಿಲ್ಲ. ಇವರು ಇಲ್ಲಿಯ ಕಪ್ಪು ಹೆಂಗಸಲ್ಲ ಎಂದು ಆತನಿಗೆ ಅನುಮಾನ ಬಂತು. ಯಾವ ಕಡೆಯವರು ಎಂದು ಕೇಳಿದ. ನ್ಯೂಯಾರ್ಕಿನಿಂದ ಬರುತ್ತಿದ್ದೇನೆ ಎಂದರು. ಅದಲ್ಲ, ಯಾವ ದೇಶ ಎಂದ. ಭಾರತ ಎಂದಿದ್ದರೆ ಮುಗಿಯುತ್ತಿತ್ತು, ಆತನೂ ಅದಕ್ಕೇ ಕಾಯುತ್ತಿದ್ದ. ಅದರಿಂದೇನೂ ವ್ಯತ್ಯಾಸವಿಲ್ಲ, ನಾನು ಬಣ್ಣದ ಹೆಂಗಸು, ಕಾಣುತ್ತಿದೆಯಲ್ಲ, ಇಲ್ಲಿಂದ ಏಳುವುದಿಲ್ಲ ಎಂದರು. ಆತ ಗೊಣಗುತ್ತಾ ಹೋದ. ತಪ್ಪಿಸಿಕೊಳ್ಳುವ ಬಾಗಿಲು ತೆರೆದಿತ್ತು. ಅಲ್ಲಿದ್ದ ಕಪ್ಪು ಜನರಿಗೆ ಆ ಬಾಗಿಲು ಇಲ್ಲ ಎಂದು ತಿಳಿದು, ತಾವೂ ಬೇಡ ಎಂದರು. ನಾವು 'ಅವರ' ಸಾಲಲ್ಲ ಎಂದು ಮಗಳಿಗೆ ದಯವಿಟ್ಟು ಕಲಿಸಬೇಡಿ. ಅವಳಿಗೆ ಕೂಗಿದವನಿಗೆ ನಮ್ಮ ಓದು, ನಮ್ಮ ಡಿಗ್ರಿ ಯಾವುದೂ ಕಾಣುವುದಿಲ್ಲ. ಅವಳ ಪಕ್ಕದಲ್ಲಿ ನಿಲ್ಲುವವರು ಇದನ್ನು ನೂರಾರು ವರ್ಷ ಅನುಭವಿಸಿದ ಜನರೇ.

ನಾವೇನು ಕಡಿಮೆಯೇ? ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನ ಶತಮಾನಗಳಿಂದ ನಮ್ಮ ಜೊತೆಗಿದ್ದಾರೆ. ಅವರನ್ನು ಪೇಟೆಯಲ್ಲಿ ಕಂಡರೆ ಯಾವ ದೇಶ ಎಂದು ಕೇಳುತ್ತೇವೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ದಾಳಿಯ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಅಂಚಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ಕಾರು ಅಪಘಾತವೊಂದಾಗಿತ್ತು, ಅದನ್ನು ಮಾಡಿದವನು ಬೇರೆ ದೇಶದವನು. ಬಣ್ಣ ಒಂದೇ ಎಂಬುದಷ್ಟೇ ಈಕೆಯ ತಪ್ಪು. ತಪ್ಪಿಸಿಕೊಳ್ಳಲು ಬಸ್ ಹತ್ತಿದರೆ ಒಳಗಿದ್ದವರು ಹೊರಗೆ ತಳ್ಳಿದರು ಎಂದು ಆಗ ವರದಿಯಾಗಿತ್ತು. ಮತ್ತೆ ಬಸ್ಸು, ನೋಡಿ.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ನಾನು ಬಾಡಿಗೆಗಿದ್ದ ಮನೆಯ ಮೇಲಿನ ರೂಮು ಖಾಲಿ ಇತ್ತು. 'ಟು ಲೆಟ್' ಬೋರ್ಡು ನೋಡಿ ಆಫ್ರಿಕಾದ ಹುಡುಗಿಯೊಬ್ಬಳು ಬಂದಳು. ಓನರ್ ಗೇಟು ತೆರೆಯದೆ, ಆಗಲೇ ಹೋಯಿತಮ್ಮ ಅಂದರು. ಬೋರ್ಡು ಅವಳ ತಲೆಯ ಮೇಲೇ ನೇತಾಡುತ್ತಿತ್ತು. ಅವಳು ಅದನ್ನೊಮ್ಮೆ ನೋಡಿ ಥ್ಯಾಂಕ್ಸ್ ಹೇಳಿ ಹೋದಳು. ನಾನು ಪೇಪರ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನನ್ನೂ ಖಾಲಿ ಮಾಡಿಸಿಯಾರು ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಆ ಥ್ಯಾಂಕ್ಸ್ ಇವತ್ತಿಗೂ ಕಿವಿಯಲ್ಲಿದೆ. ನಿಮ್ಮ ಮಗಳು ಕೂತಿದ್ದ ಬಸ್ಸಿನಲ್ಲೂ ನನ್ನ ಹಾಗೆ ಪೇಪರ್ ಹಿಡಿದು ಕೂತವರು ಇದ್ದಿರಬೇಕು.

ನಮ್ಮಲ್ಲಿ ಜಾರ್ಜಿಯಾ ಗಿಲ್ಮೋರ್ ಅಂಥವರು ಇರಲಿಲ್ಲವೇ ಎಂದರೆ, ಇದ್ದರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಹೆಂಗಸರ ಸ್ವಯಂಸೇವಕ ಪಡೆ ಕಟ್ಟಿದವರು, 1932ರಲ್ಲಿ ಯರವಡಾ ಜೈಲು ಕಂಡವರು. ಹೋರಾಟಕ್ಕೆ ಇಳಿದು ಜೈಲಿಗೆ ಹೋದ ಹೆಂಗಸರು ಬಿಡುಗಡೆಯಾದ ಮೇಲೆ ಹೋಗುವುದೆಲ್ಲಿಗೆ? ಎಷ್ಟೋ ಜನರಿಗೆ ದಿಕ್ಕಿರಲಿಲ್ಲ. ಅಂಥವರಿಗೆ ತಮ್ಮ ಮನೆಯಲ್ಲಿ ಜಾಗ ಕೊಟ್ಟು, ಊಟ ಹಾಕಿ, ಊರಿಗೆ ಕಳಿಸಿದವರು ಉಮಾಬಾಯಿ. ರಾಣಿಯರ ಪ್ರತಿಮೆ ನಮ್ಮ ಸರ್ಕಲ್ಲುಗಳಲ್ಲಿವೆ, ಇರಲಿ. ಅನ್ನ ಹಾಕಿದವರಿಗೆ ಒಂದು ಪ್ಯಾರಾ ಕೊಡಲು ನಮಗೆ ಜಾಗ ಸಾಲದು. ಇದು ನನ್ನ ಬಹಳ ದಿನದ ನೋವು.

ಮಗಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಬಸ್ಸಿನ ಕೇಸು ಗೆದ್ದ ಮೇಲೆ ಮಾಂಟ್ಗಮರಿಯ ಜನ ಒಂದು ಕೆಲಸ ಮಾಡಿದರು. ಚರ್ಚಿನಲ್ಲಿ ಬಸ್ಸಿನ ಸೀಟಿನ ಹಾಗೆ ಕುರ್ಚಿ ಜೋಡಿಸಿದರು. ಕೆಲವರು ಬಿಳಿಯರ ಪಾತ್ರ ಹಾಕಿ ಬೈದರು, ತಳ್ಳಿದರು. ಉಳಿದವರು ಕೈ ಎತ್ತದೆ, ಏಳದೆ ಕೂರುವುದನ್ನು ಕಲಿತರು. ನೋಡುತ್ತಿದ್ದವರು ಎಲ್ಲಿ ತಪ್ಪಾಯಿತು ಎಂದು ಚರ್ಚಿಸಿದರು. ಅಂದರೆ ಬೈಗುಳ ಬಂದಾಗ ಏನು ಮಾಡಬೇಕು ಎಂಬುದನ್ನೂ ಹತ್ತು ಜನ ಕೂತು ಅಭ್ಯಾಸ ಮಾಡಿದರು. ನಿಮ್ಮ ಮಗಳಿಗೆ ಬೇಕಾದದ್ದು ಆ ಹತ್ತು ಜನ. ಅವಳ ಕಾಲೇಜಿನಲ್ಲಿ ಇದೇ ಬೈಗುಳ ತಿಂದವರು ಖಂಡಿತ ಇರುತ್ತಾರೆ. ಅವರನ್ನು ಹುಡುಕಲಿ. ದಿನ, ಹೊತ್ತು, ಬಸ್ಸಿನ ನಂಬರ್ ಬರೆದಿಟ್ಟುಕೊಳ್ಳಲಿ. ಕಾಲೇಜಿಗೆ ಒಬ್ಬಳೇ ಹೋಗಿ ದೂರು ಕೊಡುವ ಬದಲು ನಾಲ್ಕು ಜನ ಸೇರಿ ಕೊಡಲಿ. ಸಿಟ್ಟು ಬಂದರೆ ಬರಲಿ, ಅಳು ಬಂದರೆ ಅಳಲಿ. ಜೋ ಆನ್ ರಾಬಿನ್ಸನ್ ಕೂಡ ಅತ್ತರು.

ಇವತ್ತು ರಾತ್ರಿ ಫೋನ್ ಮಾಡಿ. ಅಲ್ಲಿ ಎಷ್ಟು ಗಂಟೆಯಾಗಿದೆ ನೋಡಿಕೊಂಡು ಮಾಡಿ. ಬುದ್ಧಿ ಹೇಳಬೇಡಿ, ಅವತ್ತು ಏನಾಯಿತು ಎಂದು ಮೊದಲಿಂದ ಕೇಳಿ. ಅವಳು ಒಪ್ಪಿದರೆ ಕ್ಲಾಡೆಟ್ ಕತೆ ಹೇಳಿ, ಈ ಸಲ ಸರಿಯಾಗಿ. ಅವಳು ಏನಂದಳು ಎಂದು ಒಂದು ಕಾರ್ಡು ಬರೆದು ಹಾಕಿ, ಕಾಯುತ್ತಿರುತ್ತೇನೆ.

ಸಂಪಾದಕ