ಹೊರದೇಶದ ದುಡಿಮೆ ಮನೆ ಎತ್ತುತ್ತದೆ, ದೇಶವನ್ನೂ ಎತ್ತುತ್ತದಾ?

ಪ್ರಶ್ನೆ: ಸರ್, ಹೊರದೇಶಕ್ಕೆ ದುಡಿಯಲು ಹೋದವರು ಕಳಿಸುವ ಹಣದಿಂದ ದೇಶ ಮುಂದೆ ಬರುತ್ತದೆ ಅಂತ ಒಂದು ಕಡೆ ಓದುತ್ತೇನೆ. ಅದೇ ಹಣ ದೇಶವನ್ನು ಸೋಮಾರಿ ಮಾಡುತ್ತದೆ ಅಂತ ಇನ್ನೊಂದು ಕಡೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು. ಮೊದಲನೆಯವರು ಮನೆಯೊಳಗೆ ನಿಂತು ನೋಡುತ್ತಿದ್ದಾರೆ, ಎರಡನೆಯವರು ಹಣಕಾಸು ಇಲಾಖೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ, ಅಷ್ಟೇ ವ್ಯತ್ಯಾಸ.

ಮೊದಲು ಇದು ಎಷ್ಟು ದೊಡ್ಡ ಮೊತ್ತ ಅಂತ ನೋಡಿ. 2024ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಬಂದದ್ದು ಸುಮಾರು 68,500 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕಿನ ಅಂದಾಜು. ಆ ದೇಶಗಳಿಗೆ ಬರುವ ವಿದೇಶಿ ನೇರ ಹೂಡಿಕೆಗಿಂತ ಇದು ಜಾಸ್ತಿ, ಶ್ರೀಮಂತ ದೇಶಗಳು ಕೊಡುವ ನೆರವಿಗಿಂತಲೂ ಜಾಸ್ತಿ. ಲೆಕ್ಕಕ್ಕೆ ಸಿಕ್ಕಿದ್ದು ಇಷ್ಟು. ಹುಂಡಿಯಲ್ಲಿ, ಅಂದರೆ ಬ್ಯಾಂಕಿನ ಹೊರಗೆ ದಲ್ಲಾಳಿಗಳ ಮೂಲಕ ಬಂದಿದ್ದು, ಗೆಳೆಯರ ಜೇಬಿನಲ್ಲಿ ಬಂದಿದ್ದು ಬೇರೆ. ನೇಪಾಳದಲ್ಲಿ ಈ ಹಣ ದೇಶದ ಒಟ್ಟು ಉತ್ಪನ್ನದ ಕಾಲು ಭಾಗದ ಆಸುಪಾಸು ಇದೆ, ತಜಿಕಿಸ್ತಾನದಲ್ಲಿ ಅರ್ಧಕ್ಕೆ ಹತ್ತಿರ.

ಇದರಿಂದ ಮನೆಗೆ ಒಳ್ಳೆಯದಾಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ನೇಪಾಳದಲ್ಲಿ 1995-96ರಲ್ಲಿ ನೂರಕ್ಕೆ 42 ಮಂದಿ ಬಡವರಿದ್ದರು, 2003-04ಕ್ಕೆ ಅದು 31ಕ್ಕೆ ಇಳಿಯಿತು. ಅದೇ ಹೊತ್ತಿಗೆ ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ನೆನಪಿರಲಿ! ಆ ಇಳಿಕೆಯಲ್ಲಿ ಸುಮಾರು ಐದನೇ ಒಂದು ಪಾಲು ವಲಸೆ ಮತ್ತು ಅದು ತಂದ ದುಡ್ಡಿನಿಂದ ಆಗಿದ್ದು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಯಾವ ಸರ್ಕಾರಿ ಯೋಜನೆ ಇಷ್ಟು ನೇರವಾಗಿ ಬಡವರ ಕೈಗೆ ಹೋಗುತ್ತದೆ ಹೇಳಿ? ನಡುವೆ ಅರ್ಜಿಯಿಲ್ಲ, ಸಹಿಯಿಲ್ಲ, ಸಾಹೇಬರಿಲ್ಲ.

ಇನ್ನೊಂದು ಗುಣ ಇದೆ. ಹೂಡಿಕೆದಾರರ ದುಡ್ಡು ಕಷ್ಟ ಬಂದಾಗ ಓಡಿಹೋಗುತ್ತದೆ. ಅಮ್ಮನಿಗೆ ಕಳಿಸುವ ದುಡ್ಡು ಕಷ್ಟ ಬಂದಾಗಲೇ ಬರುತ್ತದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಶುರುವಾದಾಗ, ಈ ಹಣ ಶೇ 20ರಷ್ಟು ಕುಸಿಯುತ್ತದೆ ಅಂತ ವಿಶ್ವಬ್ಯಾಂಕ್ ಹೇಳಿತ್ತು. ವರ್ಷದ ಕೊನೆಗೆ ನೋಡಿದರೆ ಕುಸಿದದ್ದು ಶೇ 2ರ ಆಸುಪಾಸು. ಜನ ತಮ್ಮ ಊಟ ಕಡಿಮೆ ಮಾಡಿಕೊಂಡರು, ಉಳಿತಾಯ ಮುರಿದರು, ಆದರೆ ಕಳಿಸುವುದನ್ನು ನಿಲ್ಲಿಸಲಿಲ್ಲ.

ಈಗ ಮೆಟ್ಟಿಲ ಮೇಲೆ ನಿಂತವರ ಮಾತಿಗೆ ಬರೋಣ. ಒಂದು ದೇಶಕ್ಕೆ ಡಾಲರ್ ಹೊಳೆಯಂತೆ ಹರಿದು ಬಂದರೆ ಅಲ್ಲಿನ ಹಣದ ಬೆಲೆ ಗಟ್ಟಿಯಾಗುತ್ತದೆ. ಜನರ ಕೈಯಲ್ಲಿ ದುಡ್ಡು ಓಡಾಡುವುದರಿಂದ ಜಮೀನು, ಬಾಡಿಗೆ, ಕೂಲಿ ಎಲ್ಲವೂ ಏರುತ್ತವೆ. ಈಗ ಅಲ್ಲೇ ಅಂಗಿ ಹೊಲಿದು ರಫ್ತು ಮಾಡುವ ಒಬ್ಬರನ್ನು ನೆನೆಸಿಕೊಳ್ಳಿ. ಕೂಲಿಗೆ ಜಾಸ್ತಿ ಕೊಡಬೇಕು, ಶೆಡ್ಡಿನ ಬಾಡಿಗೆ ಜಾಸ್ತಿ, ಅದರ ಮೇಲೆ ಮಾರಿ ಬಂದ ಡಾಲರನ್ನು ಬದಲಾಯಿಸಿದರೆ ಮೊದಲಿಗಿಂತ ಕಡಿಮೆ ಸಿಗುತ್ತದೆ. ಆಮದಾದ ಅಂಗಿ ಪಕ್ಕದ ಅಂಗಡಿಯಲ್ಲೇ ಅಗ್ಗ. ಎರಡು ವರ್ಷ ನೋಡಿ ಅವರು ಬಾಗಿಲು ಹಾಕುತ್ತಾರೆ. ಕೆಲಸ ಹೋದ ಹುಡುಗರು ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾರೆ. ಅವರೂ ಹೋಗಿ ದುಡ್ಡು ಕಳಿಸುತ್ತಾರೆ, ಆ ದುಡ್ಡು ಮತ್ತೆ ಇದೇ ಚಕ್ರವನ್ನು ತಿರುಗಿಸುತ್ತದೆ. ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಆದರೆ ಸಣ್ಣ ದೇಶ, ದೊಡ್ಡ ಹೊಳೆ ಆದಾಗ ಆಗುವುದು ಸುಲಭ.

ಸೋಮಾರಿತನದ ಮಾತಿಗೆ ನನ್ನ ಉತ್ತರ ಇಷ್ಟು: ಜನ ಸೋಮಾರಿಗಳಾಗುತ್ತಾರೋ ಇಲ್ಲವೋ, ಸರ್ಕಾರಗಳಂತೂ ಆಗುತ್ತವೆ. ಕೆಲಸ ಇಲ್ಲದ ಯುವಕರು ಬೀದಿಗಿಳಿಯುವ ಬದಲು ವಿಮಾನ ಹತ್ತಿದರೆ ಆಳುವವರಿಗೆ ಎಷ್ಟು ಆರಾಮ ಅಲ್ವಾ? ಫಿಲಿಪ್ಪೀನ್ಸ್‌ನಲ್ಲಿ ಮಾರ್ಕೋಸ್ ಸರ್ಕಾರ 1974ರ ಕಾರ್ಮಿಕ ಸಂಹಿತೆಯ ಮೂಲಕ ಜನರನ್ನು ಹೊರಗೆ ಕಳಿಸಲು ಶುರು ಮಾಡಿದಾಗ ಅದು ಸದ್ಯದ ಮಟ್ಟಿಗಿನ ಏರ್ಪಾಟು ಅಂತಲೇ ಹೇಳಿತ್ತು. 2021ರ ಕೊನೆಗೆ ವಲಸೆ ಕಾರ್ಮಿಕರಿಗಾಗಿಯೇ ಒಂದು ಪೂರ್ತಿ ಇಲಾಖೆ ಮಾಡುವ ಕಾನೂನು ಬಂತು. ಲೆಬನಾನಿನ ಕಥೆ ಇನ್ನೂ ಕೆಟ್ಟದ್ದು. ಹೊರಗಿದ್ದವರು ಒಳ್ಳೆ ಬಡ್ಡಿ ನಂಬಿ ತಂದಿಟ್ಟ ಡಾಲರಿನ ಮೇಲೆ ಬ್ಯಾಂಕುಗಳೂ ಸರ್ಕಾರದ ಸಾಲವೂ ವರ್ಷಗಟ್ಟಲೆ ನಡೆದವು. 2019ರಲ್ಲಿ ಎಲ್ಲ ಕುಸಿಯಿತು, ಜನರ ಠೇವಣಿ ಒಳಗೇ ಸಿಕ್ಕಿಬಿತ್ತು.

ಹಾಗಾದರೆ ಇದರಿಂದ ದಾಟಿದವರೇ ಇಲ್ಲವಾ? ದಕ್ಷಿಣ ಕೊರಿಯಾ ಇದೆ. 1963ರಿಂದ ಅವರು ಪಶ್ಚಿಮ ಜರ್ಮನಿಯ ಗಣಿಗಳಿಗೆ ಗಂಡಸರನ್ನು, ಆಸ್ಪತ್ರೆಗಳಿಗೆ ನರ್ಸುಗಳನ್ನು ಕಳಿಸಿದರು. 1970ರ ದಶಕದಲ್ಲಿ ಕೊಲ್ಲಿ ದೇಶಗಳ ಕಟ್ಟಡ ಕೆಲಸಕ್ಕೂ ಹೋದರು. ಅವರೆಲ್ಲ ದುಡಿದು ಕಳಿಸುತ್ತಿದ್ದಾಗ ಇತ್ತ ದೇಶದೊಳಗೆ ಕಾರ್ಖಾನೆಗಳು ಏಳುತ್ತಿದ್ದವು, ಶಾಲೆಗಳು ತುಂಬುತ್ತಿದ್ದವು. ಇವತ್ತು ಅದೇ ಕೊರಿಯಾ ಹೊರಗಿನವರನ್ನು ಕರೆಸಿಕೊಳ್ಳುತ್ತದೆ. 2004ರಲ್ಲಿ ಶುರುವಾದ ಕೆಲಸದ ಪರವಾನಗಿ ವ್ಯವಸ್ಥೆಯಲ್ಲಿ ನೇಪಾಳದವರು, ಫಿಲಿಪ್ಪೀನ್ಸ್‌ನವರು ಅಲ್ಲಿಗೆ ಹೋಗುತ್ತಾರೆ. ಕೊರಿಯಾವನ್ನು ಎತ್ತಿದ್ದು ಗಣಿಯಿಂದ ಬಂದ ದುಡ್ಡೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ದುಡ್ಡು ಸ್ವಲ್ಪ ಸಮಯ ಕೊಂಡುಕೊಟ್ಟಿತು. ಆ ಸಮಯವನ್ನು ಅವರು ಬಳಸಿಕೊಂಡರು.

ಪ್ರಶ್ನೆ: ಈ ಹಣದಿಂದ ಎಲ್ಲರೂ ಮನೆ ಕಟ್ಟುತ್ತಾರೆ, ಟೀವಿ ತರುತ್ತಾರೆ. ಫ್ಯಾಕ್ಟರಿ ಯಾರೂ ಹಾಕುವುದಿಲ್ಲ. ಇದು ದಂಡ ಅಲ್ವಾ?

ಉತ್ತರ: ಈ ಮಾತು ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಆಫೀಸಿನಲ್ಲಿ ಕೆಲಸ ಮಾಡಿ ಸಂಬಳ ತಗೊಳ್ಳುವವರನ್ನು ‘ಫ್ಯಾಕ್ಟರಿ ಯಾಕೆ ಹಾಕಲಿಲ್ಲ’ ಅಂತ ಯಾರೂ ಕೇಳುವುದಿಲ್ಲ. ಬಿಸಿಲಲ್ಲಿ ಕಬ್ಬಿಣ ಕಟ್ಟಿ ದುಡಿದವನನ್ನು ಮಾತ್ರ ಯಾಕೆ ಕೇಳಬೇಕು? ಅದು ಅವನ ಸಂಬಳ.

ಇನ್ನು ದಂಡವೋ ಅಲ್ಲವೋ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. 1997ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂದು ಫಿಲಿಪ್ಪೀನ್ಸ್‌ನ ಪೆಸೊ ಬಿತ್ತು. ಸೌದಿಯ ಹಣವಾದ ರಿಯಾಲ್‌ನ ಬೆಲೆಯನ್ನು ಡಾಲರಿಗೆ ಕಟ್ಟಿಹಾಕಿದ್ದರಿಂದ ಅದು ಬೀಳಲಿಲ್ಲ, ಹಾಗಾಗಿ ಅಲ್ಲಿದ್ದವರಿಗೆ ಲಾಭ: ಅವರು ಕಳಿಸಿದ ಅಷ್ಟೇ ದುಡ್ಡಿಗೆ ಮನೆಯಲ್ಲಿ ಸುಮಾರು ಒಂದೂವರೆ ಪಟ್ಟು ಪೆಸೊ ಸಿಗತೊಡಗಿತು. ಮಲೇಷ್ಯಾ, ಕೊರಿಯಾದಲ್ಲಿದ್ದವರ ಮನೆಗಳಿಗೆ ಈ ಲಾಭ ಇಲ್ಲ, ಯಾಕೆಂದರೆ ಅಲ್ಲಿನ ಹಣವೂ ಬಿದ್ದಿತ್ತು. ಒಂದೇ ಬೀದಿಯ ಎರಡು ಮನೆ, ಒಬ್ಬನಿಗೆ ಲಾಟರಿ, ಇನ್ನೊಬ್ಬನಿಗೆ ಇಲ್ಲ. ಡೀನ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞ ಈ ಎರಡು ಬಗೆಯ ಮನೆಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಲಾಟರಿ ಹೊಡೆದ ಮನೆಗಳಲ್ಲಿ ಮಕ್ಕಳು ಕೂಲಿಗೆ ಹೋಗುವುದು ಕಡಿಮೆಯಾಗಿತ್ತು, ಓದು ಜಾಸ್ತಿಯಾಗಿತ್ತು, ಸ್ವಂತ ಸಣ್ಣ ಉದ್ಯೋಗಕ್ಕೆ ಜನ ಹೆಚ್ಚು ಹೊತ್ತು ಕೊಡುತ್ತಿದ್ದರು. ಸುಮ್ನೆ ತಿಂದು ತೇಗಲಿಲ್ಲ.

ಮನೆ ಕಟ್ಟಿದರೂ ಗಾರೆಯವನಿಗೆ, ಬಡಗಿಗೆ ಕೆಲಸ ಸಿಗುತ್ತದೆ. ಬ್ಯಾಂಕ್ ಮೇಲೆ ನಂಬಿಕೆ ಇಲ್ಲದ ಕಡೆ ಇಟ್ಟಿಗೆ ಗೋಡೆಯೇ ಠೇವಣಿ. ಮೆಕ್ಸಿಕೊ ಇನ್ನೊಂದು ದಾರಿ ಹಿಡಿಯಿತು. ಅಮೆರಿಕದಲ್ಲಿದ್ದ ವಲಸಿಗರ ಸಂಘಗಳು ತಮ್ಮ ಊರಿನ ರಸ್ತೆಗೋ ನೀರಿಗೋ ಒಂದು ಪೆಸೊ ಕೊಟ್ಟರೆ ಕೇಂದ್ರ, ರಾಜ್ಯ, ಪುರಸಭೆ ತಲಾ ಒಂದು ಪೆಸೊ ಸೇರಿಸುತ್ತಿದ್ದವು. 2002ರಲ್ಲಿ ಇದು ದೇಶಕ್ಕೆಲ್ಲ ಹರಡಿತು. ಯೋಚನೆ ಚೆನ್ನಾಗಿತ್ತು, ಆದರೆ ಗಟ್ಟಿ ಸಂಘ ಇದ್ದ ಊರಿಗೆ ದುಡ್ಡು ಹೋಯಿತು. ತೀರಾ ಬಡ ಊರುಗಳಿಂದ ಗಡಿ ದಾಟಿದವರೇ ಕಡಿಮೆ, ಸಂಘ ಎಲ್ಲಿಂದ ಬರಬೇಕು?

ಪ್ರಶ್ನೆ: ದೇಶದ ದುಡ್ಡಿನಲ್ಲಿ ಓದಿದ ನರ್ಸುಗಳು, ಡಾಕ್ಟರುಗಳು ಹೋಗಿಬಿಟ್ಟರೆ ನಷ್ಟ ಯಾರಿಗೆ?

ಉತ್ತರ: ಊರಿನ ಆಸ್ಪತ್ರೆಗೆ, ಮೊದಲಿಗೆ. ಆದರೆ ಹೋಗುವ ಆಸೆಯೇ ಎಷ್ಟೋ ಜನರನ್ನು ನರ್ಸಿಂಗ್ ಓದಿಗೆ ತರುತ್ತದೆ. 2000ದ ನಂತರ ಅಮೆರಿಕ ನರ್ಸುಗಳಿಗೆ ಬಾಗಿಲು ತೆರೆದಾಗ ಫಿಲಿಪ್ಪೀನ್ಸ್‌ನ ನರ್ಸಿಂಗ್ ಕಾಲೇಜುಗಳು ತುಂಬಿ ತುಳುಕಿದವು, ಡಾಕ್ಟರುಗಳು ಕೂಡ ಮತ್ತೆ ಓದಿ ನರ್ಸುಗಳಾದರು. ಬಾಗಿಲು ಬಿಗಿಯಾದಾಗ ಸಾವಿರಾರು ಮಂದಿ ಕೆಲಸ ಇಲ್ಲದೆ ಉಳಿದರು. ಹಾಗಿದ್ದೂ ದೂರದ ಊರುಗಳ ಆಸ್ಪತ್ರೆಗಳಲ್ಲಿ ಜಾಗ ಖಾಲಿ! ಸಂಬಳ ಕೊಡದಿದ್ದರೆ ಇದ್ದವರೂ ಬರುವುದಿಲ್ಲ. ಗಡಿ ಮುಚ್ಚಿದರೆ ಇದು ಸರಿಹೋಗಲ್ಲ ಅನ್ನುವುದು ನನ್ನ ಲೆಕ್ಕ. ಕರೆಸಿಕೊಳ್ಳುವ ದೇಶಕ್ಕೂ ಹೊಣೆ ಇದೆ, 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ನೀತಿ ಸಂಹಿತೆ ಮಾಡಿದೆ. ಪಾಲಿಸಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ.

ಪ್ರಶ್ನೆ: ಪ್ರತಿ ತಿಂಗಳೂ ಕಳಿಸುವಾಗ ಒಂದಿಷ್ಟು ಕಳೆದುಹೋಗುತ್ತದೆ. ಅದು ಯಾರಿಗೆ ಹೋಗುತ್ತದೆ, ಉಳಿಸುವುದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ, ಅಭಿವೃದ್ಧಿಯ ದೊಡ್ಡ ಮಾತಿಗಿಂತ ನನಗೆ ಇದೇ ಇಷ್ಟ. 200 ಡಾಲರ್ ಕಳಿಸಿದರೆ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಸುಮಾರು 13 ಡಾಲರ್ ದಾರಿಯಲ್ಲೇ ಹೋಗುತ್ತದೆ. ಆಫ್ರಿಕಾದ ದೇಶಗಳಿಗೆ ಕಳಿಸುವವರಿಗೆ ಇನ್ನೂ ಜಾಸ್ತಿ. 2030ರೊಳಗೆ ಇದನ್ನು ಶೇ 3ಕ್ಕೆ, ಅಂದರೆ 6 ಡಾಲರಿಗೆ ಇಳಿಸುತ್ತೇವೆ ಅಂತ ವಿಶ್ವಸಂಸ್ಥೆಯ ಗುರಿಗಳಲ್ಲಿ ಬರೆದುಕೊಂಡಿದ್ದಾರೆ. ಇತ್ತ ಅಮೆರಿಕ 2026ರ ಜನವರಿಯಿಂದ ನಗದು ಕೊಟ್ಟು ಹೊರಗೆ ಕಳಿಸುವ ಹಣದ ಮೇಲೆ ಶೇ 1 ತೆರಿಗೆ ಹಾಕಿದೆ.

ಕಳೆಯುವ ದುಡ್ಡು ಎರಡು ಕಡೆ ಇರುತ್ತದೆ. ರಸೀದಿಯಲ್ಲಿ ಕಾಣುವ ಫೀಸ್ ಒಂದು. ಕಾಣದ್ದು ವಿನಿಮಯ ದರದಲ್ಲಿ: ಪೇಟೆಯಲ್ಲಿ ಒಂದು ದರ, ನಿಮಗೆ ಕೊಡುವುದು ಅದಕ್ಕಿಂತ ಕಡಿಮೆ, ನಡುವಿನದು ಅವರಿಗೆ. ‘ಫೀಸ್ ಸೊನ್ನೆ’ ಅನ್ನುವ ಬೋರ್ಡ್ ಕಂಡರೆ ದರವನ್ನು ಎರಡು ಸಲ ನೋಡಿ.

ಇದಕ್ಕಿಂತ ದೊಡ್ಡ ತೂತು ಹೊರಡುವ ಮೊದಲೇ ಇರುತ್ತದೆ. ವೀಸಾ, ಟಿಕೆಟ್, ಏಜೆಂಟ್ ಅಂತ ಸಾಲ ಮಾಡಿ ಹೋದವರು ಮೊದಲ ಎಷ್ಟೋ ತಿಂಗಳು ಕಳಿಸುವುದು ಮನೆಗಲ್ಲ, ಬಡ್ಡಿಯವನಿಗೆ. ದೇಶದ ಲೆಕ್ಕದಲ್ಲಿ ಅದೂ ‘ಹರಿದು ಬಂದ ಹಣ’ ಅಂತಲೇ ಸೇರುತ್ತದೆ, ನೋಡಿ! ಕಾರ್ಮಿಕರಿಂದ ಏಜೆನ್ಸಿಗಳು ಶುಲ್ಕ ವಸೂಲಿ ಮಾಡಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದ ಹೇಳುತ್ತದೆ. ಎಷ್ಟೋ ದೇಶಗಳು ಅದಕ್ಕೆ ಸಹಿಯನ್ನೇ ಹಾಕಿಲ್ಲ.

ನಿಮ್ಮ ಮಟ್ಟಿಗೆ, ಮುಂದಿನ ಸಲ ಕೌಂಟರಿನಲ್ಲೋ ಆ್ಯಪ್‌ನಲ್ಲೋ ಫೀಸ್ ಎಷ್ಟು ಅಂತ ಕೇಳಬೇಡಿ. ‘ನಾನು 200 ಕೊಟ್ಟರೆ ಅತ್ತ ಕಡೆ ಕೈಗೆ ಎಷ್ಟು ಬರುತ್ತದೆ’ ಅಂತ ಕೇಳಿ. ಅದೇ ದಿನ ಮೂರು ಕಡೆ ಕೇಳಿ ಬರೆದುಕೊಳ್ಳಿ.